ಬೀಗ ಹಾಕಿದ ಐವತ್ತೇಳನೆಯ ಮನೆ

ಭುವನಾಳಿಗೆ ಗುಂಡ್ಲಹಟ್ಟಿಗೆ ಮತ್ತೆ ಬರುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ರಾಯದುರ್ಗದಲ್ಲಿ ಬೆಳಗಿನ ಐದರ ಬಸ್ಸು ಹತ್ತಿ, ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು ಹಿಡಿದು, ಮಡಕಶಿರಾದಲ್ಲಿ ಶೇಂಗಾ ಚೀಲಗಳ ನಡುವೆ ಆಟೋದಲ್ಲಿ ಮುದುಡಿ ಕೂತು ಬರುವಷ್ಟರಲ್ಲಿ ಸೊಂಟ ಕಳಚಿ ಬಿದ್ದಂತಾಗಿತ್ತು. ಹನ್ನೆರಡು ವರ್ಷದಿಂದ ಇದೇ ಪಾಡು. ಯಾರದೋ ಬಾಗಿಲು, ಯಾರದೋ ನಾಯಿ, ಅದೇ ಪ್ರಶ್ನೆ: ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ, ಕಕ್ಕಸು ಇದೆಯಾ ಇಲ್ಲವಾ. ಒಂದು ಸಮೀಕ್ಷೆ ಮುಗಿದ ಮೇಲೆ ಇನ್ನೊಂದಕ್ಕೆ ಕರೆಯುತ್ತಾರೋ ಇಲ್ಲವೋ, ಆ ದೇವರಿಗೂ ಗೊತ್ತಿಲ್ಲ. ಆದರೆ ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಜೀನ್ಸ್ ಹೊಲಿಯುತ್ತಿದ್ದ ಗಂಡ ಹರೀಶ್ ಕಣ್ಣು ಮಂಜಾಗಿ ಮಿಷನ್ ಬಿಟ್ಟು ವರ್ಷವಾಗಿತ್ತು. ಮಗಳು ಗಂಗೋತ್ರಿ ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಈ ಕೆಲಸವೂ ಕೈಬಿಟ್ಟರೆ ಮುಂದೆ ಏನು ಎಂದು ಯೋಚಿಸುವುದನ್ನೇ ಅವಳು ನಿಲ್ಲಿಸಿದ್ದಳು.

ಮೂರು ತಿಂಗಳ ಹಿಂದೆ, ಉರಿಬಿಸಿಲಿನಲ್ಲಿ, ಇದೇ ಊರಿಗೆ ಬಂದಿದ್ದಳು. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಎಷ್ಟು ಮನೆಗಳಲ್ಲಿ ಕೀಲು ಹಿಡಿದ ಜನ ಇದ್ದಾರೆಂದು ತಿಳಿಯುವ ಸಮೀಕ್ಷೆ ಅದು. ನೂರಕ್ಕೆ ಇಪ್ಪತ್ತು ಮನೆ ದಾಟಿದರೆ ಊರಿಗೆ ಶುದ್ಧ ನೀರಿನ ಘಟಕ, ಇಲ್ಲವಾದರೆ ಅದು ಬೇರೆ ಊರಿನ ಪಾಲು. ಊರಲ್ಲಿರುವುದು ನೂರೈವತ್ತು ಮನೆ. ಒಂದರಿಂದ ಹತ್ತರೊಳಗೆ ಕಂಪ್ಯೂಟರು ಚೀಟಿ ಎತ್ತಿದ ಹಾಗೆ ಏಳನ್ನು ಎತ್ತಿಕೊಟ್ಟಿತ್ತು. ಅಲ್ಲಿಂದ ಹತ್ತಕ್ಕೊಂದು: ಏಳು, ಹದಿನೇಳು, ಇಪ್ಪತ್ತೇಳು, ಹೀಗೆ ಹದಿನೈದು ಮನೆ. ಬೀಗ ಇದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಬೇಕು. ಆಗಲೂ ಬೀಗವೇ ಇದ್ದರೆ ‘ಬೀಗ’ ಎಂದೇ ಬರೆಯಬೇಕು. ಆ ಜಾಗಕ್ಕೆ ಇನ್ನೊಬ್ಬರನ್ನು ತುರುಕಬಾರದು.

“ಮನೆ ಆರಿಸೋದು ನೀವಲ್ಲ, ಚೀಟಿ,” ಎಂದು ತರಬೇತಿ ಕೊಟ್ಟ ಮೇಡಂ ಹತ್ತು ಸಲ ಹೇಳಿದ್ದರು. “ಕೈಗೆ ಸಿಕ್ಕೋರನ್ನ ಬರ್ಕೊಂಡು ಬಂದ್ರೆ ಅದು ಸ್ಯಾಂಪಲ್ ಅಲ್ಲ, ಹರಟೆ.”

ಮೇಡಂಗೇನು, ಫ್ಯಾನಿನ ಕೆಳಗೆ ನಿಂತು ಹೇಳಿದ್ದರು. ಇಲ್ಲಿ ಹದಿನೈದರಲ್ಲಿ ಒಂಬತ್ತು ಮನೆಗೆ ಬೀಗ! ಒಂದು ಸುತ್ತು ಹೊಡೆಯುವಷ್ಟರಲ್ಲಿ ಭುವನಾಳ ನಾಲಿಗೆ ಒಣಗಿ ಮಂಡಿ ಊದಿತ್ತು. ಇನ್ನೆರಡು ಸಲ ಯಾರು ಸುತ್ತುತ್ತಾರೆ? ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಕಟ್ಟೆಯ ಮೇಲೆ ಕೂತು, ಹಾಲು ಹಾಕಲು ಬಂದ ಒಂಬತ್ತು ಜನರನ್ನು ಕೇಳಿ, ಅವರ ಉತ್ತರಗಳನ್ನು ಬೀಗದ ಮನೆಗಳ ನಂಬರಿಗೆ ತುಂಬಿಬಿಟ್ಟಳು. ಕೂತು ಏಳಲು ಕಷ್ಟವೇ ಎಂದಾಗ ದೊಡ್ಡತಿಮ್ಮಪ್ಪನೆಂಬ ಗಂಡಾಳು ಹಾಲಿನ ಕ್ಯಾನು ಕೆಳಗಿಟ್ಟು ಮೂರು ಬಸ್ಕಿ ಹೊಡೆದೇ ತೋರಿಸಿದ್ದ. ಎಲ್ಲರೂ ನಕ್ಕಿದ್ದರು. ಒಂಬತ್ತು ಜನ ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಸುಳ್ಳು ಇದ್ದದ್ದು ಮನೆಯ ನಂಬರಿನಲ್ಲಿ ಮಾತ್ರ.

ವರದಿ ಹೋಯಿತು. ಹದಿನೈದರಲ್ಲಿ ಕೀಲು ಹಿಡಿದವರಿರುವ ಮನೆ ಒಂದೇ ಒಂದು. ಅದನ್ನು ನೋಡಿದ ಮಡಕಶಿರಾದ ಡಾಕ್ಟರೊಬ್ಬರು, ನೋವಿನ ಮಾತ್ರೆ ಕೇಳಿಕೊಂಡು ಬರುವವರು ಆ ಊರಿನವರೇ ಹೆಚ್ಚು, ಇದು ಹೇಗೆ ಸಾಧ್ಯ ಎಂದು ಕಾಗದ ಬರೆದರು. ಆಫೀಸಿನವರು ಐದು ಮನೆಗಳನ್ನು ಮತ್ತೆ ನೋಡಿ ಬರಲು ಹೇಳಿದರು. ಆ ಐದನ್ನೂ ಚೀಟಿಯೇ ಎತ್ತಿತ್ತು. ಪ್ರತಿ ಫಾರಂನ ಕೊನೆಗೂ ಒಂದು ಪ್ರಶ್ನೆ: ಹಿಂದಿನ ಸಲ ಸಮೀಕ್ಷೆಯವರು ಬಂದು ಈ ಮನೆಯವರನ್ನು ಮಾತಾಡಿಸಿದ್ದರೇ? ಒಂದು ಮನೆಯಲ್ಲಿ ‘ಇಲ್ಲ’ ಬಂದರೂ ಆ ಊರಿನ ಫಾರಂಗಳೆಲ್ಲ ರದ್ದು, ಬರೆದವರ ಹೆಸರು ಶಾಶ್ವತವಾಗಿ ಪಟ್ಟಿಯಿಂದ ಹೊರಗೆ.

ಸೂಪರ್‌ವೈಸರ್ ಗೋವರ್ಧನ್ ಒಳ್ಳೆಯ ಹುಡುಗ. ಅವನೇ ಫೋನು ಮಾಡಿದ್ದ. “ಭುವನಕ್ಕಾ, ಬೇರೆಯೋರ್ನ ಕಳ್ಸಿದ್ರೆ ಎಡವಟ್ಟಾಗುತ್ತೆ. ನೀವೇ ಹೋಗಿ ತಾಳೆ ಮಾಡ್ಬುಟ್ಟು ಬನ್ನಿ. ಐದೂ ಮನೇಲಿ ಹೌದು ಅಂತ ಬಂದ್ರೆ ಮುಗೀತು.” ನಡೆದದ್ದು ಅವನಿಗೆ ಪೂರ್ತಿ ಗೊತ್ತಿರಲಿಲ್ಲ. ಏನೂ ಗೊತ್ತಿರಲಿಲ್ಲವೆಂದೂ ಹೇಳುವಂತಿಲ್ಲ.

ಮೊದಲ ಎರಡು ಮನೆ ಸಲೀಸಾಗಿ ಮುಗಿದವು. ಹೋದ ಸಲ ಬಾಗಿಲು ತೆರೆದಿದ್ದ ಮನೆಗಳೇ ಅವು. ಅಲ್ಲಿ ನಿಜವಾಗಿಯೂ ಮಾತಾಡಿಸಿದ್ದಳು. ಮೂರನೆಯದು ಐವತ್ತೇಳು, ರೇಷ್ಮೆ ಬೆಳೆಯುವ ಚಿಕ್ಕತಿಮ್ಮಯ್ಯನ ಮನೆ. ಬಾಗಿಲಿಗೆ ಅದೇ ಹಿತ್ತಾಳೆ ಬೀಗ. ನೋಡಿದ ಕೂಡಲೇ ಭುವನಾಳಿಗೆ ಸಮಾಧಾನವಾಯಿತು ಅಂದರೆ ನಂಬಬೇಕು. ಬೀಗ ಇದ್ದರೆ ‘ಇಲ್ಲ’ ಎನ್ನುವವರು ಯಾರೂ ಇಲ್ಲವಲ್ಲ! ಟ್ಯಾಬಿನಲ್ಲಿ ತಾನೇ ‘ಹೌದು’ ಒತ್ತಿ ಮುಂದೆ ಹೋದರಾಯಿತು. ಅದಕ್ಕೂ ಮೊದಲು ಐದು ನಿಮಿಷ ಕೂರೋಣವೆಂದು ಜಗಲಿಯ ಮೇಲೆ ಕುಸಿದು, ಚಪ್ಪಲಿ ಬಿಟ್ಟು, ಮಂಡಿ ನೀವಿಕೊಂಡಳು.

“ಅಯ್ಯೋ ಶಿವನೇ, ಸಾಕಪ್ಪಾ ಸಾಕು ಈ ಜನ್ಮ.”

“ಯಾರವ್ವಾ ಅದು?”

ಧ್ವನಿ ಮನೆಯ ಒಳಗಿನಿಂದ ಬಂದಿತ್ತು. ಭುವನಾ ತಟ್ಟನೆ ಎದ್ದಳು. ಜಗಲಿಯ ಪಕ್ಕದಲ್ಲೊಂದು ಮೊಳದಗಲದ ಕಿಟಕಿ. ಸರಳು ಹಿಡಿದು ಇಣುಕಿದಳು. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಚಾಪೆಯ ಮೇಲೆ ಗೋಡೆಗೊರಗಿದ್ದ ಮುದುಕಿ ಕಂಡಳು. ಬೆನ್ನು ಬಿಲ್ಲಾಗಿತ್ತು, ಮಡಚಿದ ಕಾಲು ಮಡಚಿದಂತೆಯೇ ನಿಂತಿತ್ತು. ಕುತ್ತಿಗೆ ತಿರುಗದೆ ಕಣ್ಣಷ್ಟೇ ಕಿಟಕಿಯ ಕಡೆ ಹೊರಳಿತು. ಅವಳು ಚಿಕ್ಕತಿಮ್ಮಯ್ಯನ ತಾಯಿ ಪಾಪಕ್ಕ.

“ಅಜ್ಜಿ, ಒಳಗ ಅದೀರೇನ್ರಿ? ಹೊರಗ ಬೀಗ ಐತಲ್ರಿ!”

“ಸೊಸೆ ನಾಗಮಣಿ ಹಾಕ್ಕಂಡು ಹೋಗವ್ಳೆ ಕಣವ್ವ. ರೇಷ್ಮೆ ಹುಳ ನಾಕನೇ ಜ್ವರ ಎದ್ದು ಪೊರೆ ಬಿಟ್ಟವೆ, ಸೊಪ್ಪು ಹಾಕಿದ್ದೇ ಹಾಕಿದ್ದು. ಎಲ್ರೂ ತೋಟದ ಶೆಡ್ಡಾಗವ್ರೆ.”

“ಮತ್ತ ನಿಮ್ಮನ್ನ ಒಳಗ ಇಟ್ಟು ಬೀಗ ಯಾಕ್ರಿ?”

“ಕೋತಿ ಕಾಟ ಕಣವ್ವ. ಬಾಗ್ಲು ತೆಗ್ದಿದ್ರೆ ನುಗ್ತವೆ. ಓಡಿಸಕ್ಕೆ ನಾನೇನು ಎದ್ದೋಳಾ, ನಡ್ದೋಳಾ? ಹೋದೊರ್ಸ ಅಂಬಲಿ ಗಡಿಗೆ ಒಡ್ದು ನನ್ ಕೈನೂ ಪರಚಿದ್ವು. ಅವತ್ತಿಂದ ಬೀಗ. ನಮ್ಮೂರಾಗೆ ಎಲ್ಲಾ ಹಂಗೇಯ. ನಡಿಯೋ ಮುದ್ಕೀರಿದ್ರೆ ಜಗಲೀಲಿ ಕೂತು ಬಾಗ್ಲು ಕಾಯ್ತಾರೆ. ನನ್ನಂಥೋರಿದ್ರೆ ಬೀಗ.”

ಭುವನಾ ಸರಳು ಬಿಡಲಿಲ್ಲ. ಒಂಬತ್ತು ಬೀಗ. ಹೊಲಕ್ಕೆ ಹೋಗಿದ್ದಾರೆಂದು ಅಂದುಕೊಂಡು ದಾಟಿದ ಒಂಬತ್ತು ಬಾಗಿಲು. ಡೈರಿಗೆ ನಡೆದು ಬರಬಲ್ಲವರನ್ನು ಮಾತ್ರ ಕೇಳಿ, ಈ ಊರಲ್ಲಿ ನಡೆಯಲಾರದವರು ಇಲ್ಲವೆಂದು ಬರೆದು ಕಳಿಸಿದ್ದಳು. ಐವತ್ತೇಳನೆಯ ನಂಬರಿನಲ್ಲಿ ಈ ಮುದುಕಿಯ ಬದಲು ದೊಡ್ಡತಿಮ್ಮಪ್ಪನ ಬಸ್ಕಿ ಕೂತಿತ್ತು. ಹನ್ನೆರಡು ವರ್ಷ ಪ್ರಶ್ನೆ ಕೇಳಿ ಕೇಳಿ ತನಗೆ ಬಂದ ಬುದ್ಧಿ ಇಷ್ಟೇನಾ ಎನಿಸಿತು.

“ಹೋದ್ಸಲ ಬಂದಿದ್ದೂ ನೀನೇ ಅಲ್ವಾ?” ಎಂದಳು ಪಾಪಕ್ಕ.

ಭುವನಾ ಸರಳಿನಿಂದ ಮುಖ ಹಿಂದಕ್ಕೆ ಎಳೆದುಕೊಂಡಳು.

“ಧ್ವನಿ ಗುರ್ತಾಯ್ತು. ನಮ್ ಕಡೆ ಮಾತಲ್ಲ ನಿಂದು. ಇದಕ್ಕೂ ಬೀಗ ಐತಿ ನೋಡು ಅಂತ ಫೋನಾಗೆ ಯಾರ್ಗೋ ಅಂತಿದ್ದೆ. ನಾನು ಕೂಗ್ದೆ. ಕುತ್ಗೆ ಹಿಡ್ಕಂಡೈತಲ್ಲ, ದೊಡ್ಡದಾಗಿ ಬರಲ್ಲ. ನೀನು ಹೊಂಟೋದೆ.”

ಅದರಲ್ಲಿ ದೂರು ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಭುವನಾ ಟ್ಯಾಬು ತೆಗೆದು, ಕಿಟಕಿಗೆ ಮುಖವಿಟ್ಟು, ಒಂದೊಂದಾಗಿ ಕೇಳತೊಡಗಿದಳು. ಯಾವ ನೀರು ಕುಡಿಯುತ್ತೀರಿ? ಊರ ಬೋರಿನದು. ಎಷ್ಟು ವರ್ಷದಿಂದ? ಮದುವೆಯಾಗಿ ಬಂದ ಮೇಲೆ ಬಾವಿ ಬತ್ತಿತು, ಅವತ್ತಿನಿಂದ. ಕೂತು ಏಳಾಕ ತ್ರಾಸ ಐತೇನ್ರಿ ಎಂದಾಗ ಪಾಪಕ್ಕ ನಕ್ಕೇಬಿಟ್ಟಳು. “ಎದ್ರೆ ತಾನೇ ಕೂರೋದು!” ಹತ್ತು ನಿಮಿಷದಲ್ಲಿ ಮುಗಿಯುವ ಫಾರಂ ಮುಕ್ಕಾಲು ಗಂಟೆ ಹಿಡಿಯಿತು, ಏಕೆಂದರೆ ಅಜ್ಜಿ ಒಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಡುತ್ತಿದ್ದಳು. ಹಗಲೆಲ್ಲ ಮಾತಿಲ್ಲದೆ ಕೂತವಳು. ಭುವನಾ ತಡೆಯಲಿಲ್ಲ.

ಕೊನೆಯ ಪ್ರಶ್ನೆ ಬಂತು. ಹೌದು, ಇಲ್ಲ. ಬೆರಳು ಗಾಳಿಯಲ್ಲೇ ನಿಂತಿತು.

“ಯಾಕವ್ವ ಸುಮ್ಕಾದೆ?”

ಯಾವ ದಣಿವೋ ಏನೋ, ಭುವನಾ ಎಲ್ಲವನ್ನೂ ಹೇಳಿಬಿಟ್ಟಳು. ಡೈರಿ, ಒಂಬತ್ತು ಜನ, ನೀರಿನ ಘಟಕ, ಮತ್ತೆ ಬಂದದ್ದೇಕೆ, ‘ಇಲ್ಲ’ ಅಂದರೆ ಏನಾಗುತ್ತದೆ, ಗಂಡನ ಕಣ್ಣು.

“ಹಂಗಾದ್ರೆ ಹೂಂ ಅಂತ ಹಾಕ್ಕೊಳವ್ವ,” ಎಂದಳು ಪಾಪಕ್ಕ. “ಬಂದಿದ್ಲು, ಚೆಂದಾಗಿ ಮಾತಾಡ್ಸಿದ್ಲು ಅಂತ ನಾನೇ ಹೇಳ್ತೀನಿ, ಯಾರು ಬಂದು ಕೇಳಿದ್ರೂವೆ. ನನ್ ಬೆನ್ನೇನು ಇನ್ನು ನೆಟ್ಟಗಾಗುತ್ತಾ? ನನ್ನಿಂದ ನಿನ್ ಅನ್ನ ಹೋಗೋದು ಬ್ಯಾಡ.”

ಭುವನಾ ಸರಳಿಗೆ ಹಣೆಯಿಟ್ಟು ಅತ್ತಳು. ಅಳುವುದಕ್ಕೂ ಶಕ್ತಿ ಬೇಕು. ಅದೂ ಬೇಗ ಮುಗಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು ‘ಇಲ್ಲ’ ಒತ್ತಿದಳು.

“ಏನಂತ ಹಾಕ್ದೆ?”

“ಇಲ್ಲ ಅಂತ ಹಾಕಿದೆ, ಅಜ್ಜಿ. ಇನ್ನ ಬ್ಯಾರೆಯವರು ಬರ್ತಾರ್ರಿ. ಹದಿನೈದೂ ಮನೀಗಿ ಮತ್ತ ಬರ್ತಾರ.”

“ಅಯ್ಯೋ, ಎಂಥ ಕೆಲ್ಸ ಮಾಡ್ಕಂಡೆ ತಾಯಿ.” ಆಮೇಲೆ ಪಾಪಕ್ಕ ಮೆಲ್ಲಗೆ ಅಂದಳು: “ಬರೋರ್ಗೆ ಒಂದ್ ಮಾತು ಹೇಳು. ಬೀಗ ಕಂಡ್ರೆ ಹೊಂಟೋಗ್ಬ್ಯಾಡ್ರಿ, ಕಿಟಕಿ ತಾವ ನಿಂತು ಒಂದ್ಸಲ ಕೂಗ್ರಿ ಅನ್ನು. ನಾವೆಲ್ಲಿಗೂ ಹೋಗಿರಲ್ಲ.”

ಫಾರಂನ ಕೆಳಗೆ ಷರಾ ಬರೆಯಲು ಒಂದು ಸಣ್ಣ ಚೌಕ ಇತ್ತು. ಇಷ್ಟು ವರ್ಷ ಭುವನಾ ಅದನ್ನು ಖಾಲಿ ಬಿಟ್ಟೇ ಬಂದವಳು. ಈಗ ಒಂದೊಂದೇ ಅಕ್ಷರ ಒತ್ತುತ್ತ ಮುದುಕಿಯ ಮಾತನ್ನು ಹಾಗೆಯೇ ಅದರಲ್ಲಿ ಬರೆದಳು, ಕೆಳಗೆ ತನ್ನ ಹೆಸರನ್ನೂ ಸೇರಿಸಿದಳು, ಕಳಿಸಿದಳು. ಇನ್ನೂ ಎರಡು ಮನೆ ಉಳಿದಿದ್ದವು. ಅವನ್ನು ನೋಡಿದರೂ ಅಷ್ಟೆ, ಬಿಟ್ಟರೂ ಅಷ್ಟೆ, ಕೆಲಸವಂತೂ ಹೋಗಿತ್ತು. ಮಂಡಿ ಹಿಡಿದುಕೊಂಡು ಎದ್ದು ತೊಂಬತ್ತೇಳನೆಯ ಮನೆಯ ಕಡೆ ನಡೆದಳು. ಅಲ್ಲೂ ಬೀಗ. ಕಿಟಕಿಯ ಹತ್ತಿರ ಹೋಗಿ, ಕೆಮ್ಮಿ ಗಂಟಲು ಸರಿಮಾಡಿಕೊಂಡು, ಊರಿಗೇ ಕೇಳುವಂತೆ ಕೂಗಿದಳು.

“ಒಳಗ ಯಾರರ ಅದೀರೇನ್ರಿ?”