ಹದಿನೆಂಟು ಡಿಗ್ರಿಯ ಮನೆ

ಜೋರ್ಕಾಳನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಅವಳ ತಂಗಿ ದಾನಿತ್ಸಾ ಮೊದಲು ನೋಡಿದ್ದು ಗೋಡೆಯ ಮೇಲಿನ ಉಷ್ಣಮಾಪಕವನ್ನು. ಹದಿನೆಂಟು. ಆಮೇಲೆ ಪಿಯಾನೋದ ಕೆಳಹಲಗೆ ತೆಗೆದು, ಒಳಗಿದ್ದ ಬಟ್ಟಲಿಗೆ ನೀರು ತುಂಬಿದಳು. ಮರ ಒಣಗದಿರಲೆಂದು ಅಕ್ಕ ನಲವತ್ತು ಚಳಿಗಾಲ ಮಾಡಿದ್ದ ಕೆಲಸ ಅದು. ಈಗಲಾದರೂ ಅಳು ಬರುತ್ತದೇನೋ ಎಂದು ಮೊಣಕಾಲೂರಿಕೊಂಡೇ ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಹಲಗೆ ಮುಚ್ಚಿದಳು.

ಭೂಮಿಯ ದಕ್ಷಿಣ ತುದಿಯ ಊರಾದ ಪುಂತಾ ಅರೇನಾಸಿನಲ್ಲಿ ಗ್ಯಾಸು ಅಗ್ಗ. ಜೂನ್ ತಿಂಗಳ ಚಳಿಯಲ್ಲಿ ಜನ ಮನೆ ಬೆಚ್ಚಗಿಡುವ ಒಲೆಯ ಗುಂಡಿಯನ್ನು ಪೂರ್ತಿ ತಿರುಗಿಸಿ, ಸೆಕೆಯಾದರೆ ಕಿಟಕಿ ತೆರೆಯುತ್ತಾರೆ. ಬಂದವರನ್ನು ತಣ್ಣನೆಯ ಮನೆಯಲ್ಲಿ ಕೂರಿಸುವುದೆಂದರೆ ಖಾಲಿ ತಟ್ಟೆ ಇಟ್ಟಂತೆಯೇ. ಈ ಮನೆಯೊಂದೇ ಬೇರೆ. ಜೋರ್ಕಾಳ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಸ್ವೆಟರು ತೊಟ್ಟೇ ನುಡಿಸಬೇಕಿತ್ತು. "ನಿಮಗೆ ಚಳಿಯಾದ್ರೆ ಕೈ ಉಜ್ಕೋತೀರಿ. ಮರ ಪಾಪ ಏನು ಮಾಡತ್ತೆ?" ಎನ್ನುತ್ತಿದ್ದಳು. ಬಿಸಿ ಏರಿಳಿದರೆ ಮರ ಕುಗ್ಗಿ ಹಿಗ್ಗಿ, ತಂತಿ ಜಾರಿ, ಶ್ರುತಿ ಕೆಡುತ್ತದೆ.

ಈಗಿದ್ದ ಶ್ರುತಿ ಅವಳೇ ಕೂಡಿಸಿದ್ದು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ, ನಡುನಡುವೆ ಕೂತು ಸುಧಾರಿಸಿಕೊಳ್ಳುತ್ತ, ಒಂದೊಂದೇ ತಂತಿಯನ್ನು ಬಿಗಿದಿದ್ದಳು. ಆಯುಷ್ಯವೆಲ್ಲ ಕಾರ್ಖಾನೆಯಲ್ಲಿ ಉಣ್ಣೆ ವಿಂಗಡಿಸಿದ ದಾನಿತ್ಸಾಗೆ ನುಡಿಸಲು ಬರುತ್ತಿರಲಿಲ್ಲ. ಅಕ್ಕನ ಕೈ ಕೊನೆಯದಾಗಿ ಮಾಡಿಟ್ಟದ್ದು ಇದು, ಕೆಡಬಾರದು, ಅಷ್ಟು ಮಾತ್ರ ಗೊತ್ತಿತ್ತು. ಪಿಯಾನೋದ ಬಿಳಿ ಪಟ್ಟಿಗಳಲ್ಲಿ ನಡುವಿನ ಒಂದು ಮನೆಯನ್ನು ಒತ್ತಿದಳು. ಸ್ವರ ನೆಟ್ಟಗೆ ಬಂತು.

ತೀರಿಕೊಂಡವರಿಗಾಗಿ ನೆರೆಹೊರೆಯವರು ಕೂಡಿ ಹೇಳುವ ಒಂಬತ್ತು ಸಂಜೆಗಳ ಜಪಮಾಲೆ ಅಂದೇ ಶುರು. ಐದಕ್ಕೇ ಹೊರಗೆ ಗವ್ವೆನ್ನುವ ಕತ್ತಲು. ಪಕ್ಕದ ಮನೆಯ ಓರ್ತೆನ್ಸಿಯಾ ಬಿಸಿ ರೊಟ್ಟಿಯ ಬುಟ್ಟಿ ಹಿಡಿದು ಮೊದಲು ಬಂದಳು.

"ಅಯ್ಯೋ ದೇವ್ರೇ, ಇದು ಮನೇನೋ, ಮಾಂಸದಂಗಡಿ ಐಸ್ ಪೆಟ್ಟಿಗೇನೋ? ಹೋಗಿದ್ದು ಅವಳು ಕಣೇ, ನೀನಲ್ಲ!" ಎಂದವಳೇ ಒಲೆಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಪ್ರೀತಿಯಿಂದಲೇ.

ಜಪ ಅರ್ಧವಾಗುವಷ್ಟರಲ್ಲಿ ಉಷ್ಣಮಾಪಕ ಇಪ್ಪತ್ತೇಳಕ್ಕೇರಿತ್ತು. ಬೆವರಿದವರು ಯಾರೋ ಕಿಟಕಿ ತೆರೆದರು. ಊರಂಚಿನ ಜಲಸಂಧಿಯ ಚಳಿಗಾಳಿ ನೇರವಾಗಿ ಪಿಯಾನೋಗೆ ಬಡಿಯಿತು. ದಾನಿತ್ಸಾ ನೋಡುತ್ತಲೇ ಇದ್ದಳು, ಬಾಯಿ ಪ್ರಾರ್ಥನೆ ಹೇಳುತ್ತಲೇ ಇತ್ತು. ಪಿಯಾನೋದೊಳಗೆ ಎಲ್ಲೋ ಟಕ್ ಎಂದಿತು. ತಲೆಯೆತ್ತಿದವನು ಸೆಫೆರೀನೋ ಒಬ್ಬನೇ. ಅವನು ದೋಣಿ ಕಟ್ಟುವ ಮುದಿ ಬಡಗಿ.

ಬೆಳಿಗ್ಗೆ ಪಿಯಾನೋದ ಅದೇ ಮನೆಯನ್ನು ಒತ್ತಿದಳು. ಸ್ವರದ ಪಕ್ಕದಲ್ಲೇ ಇನ್ನೊಂದು ಸ್ವರ ನಡುಗುತ್ತಿತ್ತು. ಮುಚ್ಚಳ ಹಾಕಿ, ಹೋಗಿ ಲೋಟ ತೊಳೆದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಮಧ್ಯಾಹ್ನ ಸೆಫೆರೀನೋ ಬಂದು ಬಾಗಿಲಲ್ಲೇ ನಿಂತ.

"ನಿನ್ನೆ ಮರ ಕೂಗ್ತು."

"ಕೇಳಿಸ್ತು."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ಮಾರಾಯ್ತಿ?"

"ದುಃಖಕ್ಕೆ ಅಂತ ಬಂದೋರನ್ನ ಚಳೀಲಿ ಕೂರಿಸ್ಲಾ? ಜನ ಏನಂದಾರು?"

ಅವನು ಒಳಗೆ ಬಂದು ತಾನೂ ಆ ಮನೆ ಒತ್ತಿ, ಕಿವಿಗೊಟ್ಟು ನಿಂತ. "ಈ ಸ್ವರದ ಮೂರು ತಂತೀಲಿ ಒಂದು ಜಾರಿದೆ. ಯಾರೂ ಮುಟ್ಬೇಡಿ. ಒಂದೇ ಹದದಲ್ಲಿಟ್ರೆ ಮರ ತಾನಾಗೇ ವಾಪಸ್ ಬರಬಹುದು. ಬರದೇನೂ ಇರಬಹುದು." ಟೋಪಿ ಹಾಕಿಕೊಂಡು ಹೊರಟುಹೋದ.

ದಾನಿತ್ಸಾ ಒಲೆಯನ್ನು ಹದಿನೆಂಟಕ್ಕೆ ಇಳಿಸಿದಳು. ಸಂಜೆ ಯಾರಾದರೂ ಮತ್ತೆ ಏರಿಸುತ್ತಾರೆ, ತಾನು ಆಗಲೂ ಸುಮ್ಮನಿರುತ್ತೇನೆ ಎಂದುಕೊಂಡಳು.

ಐದು ಗಂಟೆಗೆ ಬಾಗಿಲು ತೆರೆದರೆ ಓರ್ತೆನ್ಸಿಯಾ. ಮೈಮೇಲೆ ಎರಡು ಕಂಬಳಿ, ತಲೆಯ ಮೇಲೆ ಗಂಡನ ಉಣ್ಣೆ ಟೋಪಿ.

"ಇಕೋ, ಕುರಿ ಬಂದಿದೆ. ಉಣ್ಣೆ ವಿಂಗಡಿಸೋಳು ನೀನೇ ಅಲ್ವೇನೆ? ನೋಡು, ಯಾವ ದರ್ಜೆ!"

"ಮುದಿ ಕುರಿ, ಮೂರನೇ ದರ್ಜೆ," ಎಂದ ಹಿಂದಿನಿಂದ ಸೆಫೆರೀನೋ.

"ಬಾಯ್ಮುಚ್ಚು ಟಗರೇ!"

ಅವರ ಹಿಂದೆ ಇನ್ನೂ ಹತ್ತು ಜನ, ಎಲ್ಲರೂ ಕೋಟು, ಶಾಲು, ಕೈಗವಸಿನಲ್ಲಿ. ಯಾರೂ ಕೋಟು ಬಿಚ್ಚಲಿಲ್ಲ, ಒಲೆಯ ಕಡೆ ನೋಡಲೂ ಇಲ್ಲ. ಸೆಫೆರೀನೋ ಕಿಟಕಿಯ ಸಂದಿಗೆ ತನ್ನ ಬೆನ್ನನ್ನೇ ಅಡ್ಡಕೊಟ್ಟು ಕೂತ. ಕೈಗವಸಿನ ಬೆರಳುಗಳಿಂದ ಮಣಿ ಜಾರಿ ಓರ್ತೆನ್ಸಿಯಾ ಎರಡು ಸಲ ಲೆಕ್ಕ ತಪ್ಪಿದಳು. ಉಳಿದ ಎಂಟೂ ಸಂಜೆ ಹೀಗೆಯೇ ನಡೆಯಿತು.

ಒಂಬತ್ತನೆಯ ದಿನ ಎಲ್ಲರನ್ನೂ ಕಳಿಸಿ ದಾನಿತ್ಸಾ ಕೆಳಹಲಗೆ ತೆಗೆದಳು. ಬೆಳಗಿನಿಂದ ನೀರು ಹಾಕಿರಲಿಲ್ಲ. ಬಟ್ಟಲು ಅಂಚಿನವರೆಗೆ ತುಂಬಿತ್ತು. ನೆಲಕ್ಕೆ ಚೆಲ್ಲಿದ್ದನ್ನು ಯಾರೋ ಒರೆಸಿದ್ದರು ಕೂಡ. ಯಾರೆಂದು ತಿಳಿಯಲಿಲ್ಲ.

ಮನೆಯನ್ನು ಒತ್ತಿದಳು. ಆ ನಡುಕ ಇನ್ನೂ ಇತ್ತು, ಆದರೆ ನಿಧಾನವಾಗಿತ್ತು; ಜಾರಿದ ತಂತಿ ಮರಳಿ ಬರುತ್ತಿತ್ತು. ಸ್ವರ ಪೂರ್ತಿ ಅಡಗುವವರೆಗೆ ಬೆರಳು ಎತ್ತಲಿಲ್ಲ. ಆಗ, ಒಂಬತ್ತು ದಿನಗಳಲ್ಲಿ ಮೊದಲ ಸಲ, ಕಾಲು ತಣ್ಣಗೆ ಕೊರೆಯುತ್ತಿರುವುದು ಗೊತ್ತಾಯಿತು. ಕುರ್ಚಿಯ ಮೇಲೆ ಓರ್ತೆನ್ಸಿಯಾ ಮರೆತು ಹೋದ ಟೋಪಿ ಇತ್ತು. ಅದನ್ನು ತಲೆಗೆ ಹಾಕಿಕೊಂಡು, ಕಾಲುಚೀಲ ಹುಡುಕಲು ಹೋದಳು.