ಬಾಗಿದ ತಗಡು, ಕಂದು ಕೊಳೆ

ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಮುಖ ತಾನಾಗಿ ಹಿಂದಕ್ಕೆ ಹೋಯಿತು. ಒಳಗೆ ಹನ್ನೆರಡು ಕೀಬೋರ್ಡ್‌ಗಳಿದ್ದವು. ಉತ್ತರದ ಒಂದು ಮರದ ಮಿಲ್ಲಿನ ಕಚೇರಿ ಅವನ್ನು ನಮ್ಮ ಕಾರ್ಖಾನೆಗೆ ವಾಪಸು ಕಳಿಸಿತ್ತು. ಒಂದು ಸಲ ಒತ್ತಿದರೆ ನಾಲ್ಕು ಅಕ್ಷರ ಬೀಳುತ್ತವೆ, ಇಲ್ಲವೇ ಒಂದೂ ಬೀಳುವುದಿಲ್ಲ ಎಂದು ಜೊತೆಗಿದ್ದ ಕಾಗದದಲ್ಲಿತ್ತು.

ಒಂದನ್ನು ಮೇಜಿನ ಮೇಲಿಟ್ಟು 'ಜೆ' ಕೀಯ ಮೇಲೆ ಕೂತ ಅಕ್ಷರದ ಟೋಪಿಯನ್ನು ಚಿಮಟದಿಂದ ಎಳೆದೆ. ಮೊದಲು ಬರಲೊಲ್ಲದು, ಆಮೇಲೆ ಚಪ್ ಎಂದು ಬಂತು. ಅಡಿಯಲ್ಲಿ ಕಂದು ಲೋಳೆ. ಅದರಲ್ಲಿ ಒಂದು ಬಿಳಿ ಕೂದಲು, ಉಗುರಿನ ಚೂರು. ಉಪ್ಪಿನ, ಹೊಗೆಯ, ತೊಳೆಯದ ಬಾಯಿಯ ವಾಸನೆ.

ನಾನು ಹೇಸುವ ಹೆಂಗಸಲ್ಲ. ನನ್ನ ಪುಟ್ಟ ಮಗಳು ಟೂವಾ ಜಗಿದು ಉಗುಳಿದ ಬನ್ನನ್ನು ಅಂಗೈಯಲ್ಲಿ ಹಿಡಿದಿದ್ದೇನೆ, ಜ್ವರದ ವಾಂತಿಯನ್ನೂ ಹಿಡಿದಿದ್ದೇನೆ. ಅದು ಮಗುವಿನದು, ತೊಳೆದರೆ ಹೋಯಿತು. ಇದು ಯಾರದೋ ಏನೋ. ಎದ್ದು ಕಿಟಕಿ ತೆರೆದೆ.

"ನೋಡ್ದ್ಯಾ, ನಿನ್ನ ಬೋಗುಣಿ ತುಂಬಿದೆ" ಎಂದ ಸಿಕ್ಸ್ಟೆನ್, ಬಾಗಿಲಲ್ಲಿ ನಿಂತು. ಅವನು ನಮ್ಮ ವಿನ್ಯಾಸ ವಿಭಾಗದ ಮುಖ್ಯಸ್ಥ. "ನೀರು ತಗ್ಗಿಗೇ ಹರಿಯೋದು, ಗುನ್ನೆಲ್. ನಮ್ಮಜ್ಜಿಗೂ ಗೊತ್ತಿತ್ತು."

"ಇದು ನೀರಲ್ಲ."

"ಹಾಗಾದ್ರೆ ಏನು, ಗಂಜಿನಾ? ಏನೇ ಇರ್ಲಿ. ಶುಕ್ರವಾರದ ಸಭೆಯಲ್ಲಿ ಚಪ್ಪಟೆ ತಗಡು ಅಂತ ಬರೆದುಬಿಡೋಣ."

ಬೋಗುಣಿ ಎಂದರೆ ನನ್ನ ಬಾಗಿದ ತಗಡು. ಎರಡು ಚಳಿಗಾಲದ ಹಿಂದೆ ನಮ್ಮ ಕಚೇರಿಯ ಬೆರಳಚ್ಚುಗಾರ್ತಿ ಯೋರ್ಡಿಸ್ ಎರಡೂ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಹಲ್ಲು ಕಚ್ಚಿ ಟೈಪ್ ಮಾಡುತ್ತಿದ್ದಳು. ಒಂದು ದಿನ ಟೂವಾಳ ಆಟದ ಮಣ್ಣನ್ನು ತಂದು ಅವಳ ಬೆರಳ ತುದಿಗೆ ಹಿಡಿದೆ. ಬೆರಳು ನೇರ ಗೆರೆ ಎಳೆಯುವುದಿಲ್ಲ. ಬುಡ ಇದ್ದಲ್ಲೇ ಇರುತ್ತದೆ, ತುದಿ ಉಯ್ಯಾಲೆಯ ಹಾಗೆ ಬಾಗಿ ಬರುತ್ತದೆ. ಮಣ್ಣಿನಲ್ಲಿ ಮೂಡಿದ ಆ ಬಾಗನ್ನೇ ಅಳೆದು, ಕೀಗಳು ನಿಲ್ಲುವ ಉಕ್ಕಿನ ತಗಡನ್ನು ಆಳವಿಲ್ಲದ ತೊಟ್ಟಿಲಿನಂತೆ ಬಗ್ಗಿಸಿದೆ. ಮೇಲಿನ ಸಾಲೂ ಕೆಳಗಿನ ಸಾಲೂ ಬೆರಳಿಗೆ ಮುಖ ಮಾಡಿ ನಿಂತವು. ಆರು ತಿಂಗಳಿಗೆ ಅವಳ ಪಟ್ಟಿ ಬಿಚ್ಚಿತು. ಚಪ್ಪಟೆ ತಗಡು ಬಂದರೆ ಆ ಪಟ್ಟಿ ಮತ್ತೆ ಬರುತ್ತದೆ. ಅವಳಿಗೆ ಮಾತ್ರವಲ್ಲ, ಅವಳಂಥ ಸಾವಿರಾರು ಜನಕ್ಕೆ.

ಸಿಕ್ಸ್ಟೆನ್ ಹಿಂದಿನ ಜೇಬಿನಿಂದ ಡಬ್ಬಿ ತೆಗೆದ. ಸ್ನೂಸ್, ಅಂದರೆ ಒದ್ದೆ ಹೊಗೆಸೊಪ್ಪಿನ ಪುಡಿಯನ್ನು ಚಿವುಟಿ, ಬೆರಳಲ್ಲಿ ಉಂಡೆ ಮಾಡಿ, ಮೇಲ್ದುಟಿಯ ಒಳಗೆ ಸೇರಿಸಿದ. ಬೆರಳನ್ನು ಪ್ಯಾಂಟಿಗೆ ಒಂದು ಸಲ ಒರೆಸಿ ಮೇಜಿನ ಮೇಲಿದ್ದ ಆ ಕೀಬೋರ್ಡ್ ಒತ್ತಿದ. "ನೋಡು, ಸಿಕ್ಕೊಳ್ತಿದೆ" ಎಂದು ಹೊರಟುಹೋದ. ನಾನದನ್ನು ನೋಡಿಯೂ ನೋಡಲಿಲ್ಲ. ಅಪ್ಪ ಸ್ನೂಸ್ ಇಡುತ್ತಿದ್ದ, ಗಂಡ ಇಡುತ್ತಾನೆ, ನಮ್ಮ ಪರೀಕ್ಷಾ ಕೋಣೆಯ ಎಲ್ಲರೂ ಇಡುತ್ತಾರೆ. ನಮ್ಮೂರಲ್ಲಿ ಅದು ಉಸಿರಾಟದ ಹಾಗೆ, ಕಣ್ಣಿಗೆ ಬೀಳುವುದಿಲ್ಲ.

ಕೈಗವಸು ಹಾಕಿಕೊಂಡು ಹನ್ನೆರಡರ ಟೋಪಿಗಳನ್ನೂ ಕಿತ್ತೆ. ಕೊಳೆ ಇದ್ದ ಜಾಗವನ್ನೆಲ್ಲ ಕಾಗದದ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ತುಂಬಿದೆ. ಎರಡು ಸಲ ವಾಕರಿಕೆ ಬಂದು ಎದ್ದು ಹೋಗಬೇಕಾಯಿತು. ಸಿಕ್ಸ್ಟೆನ್ ಹೇಳಿದ್ದು ನಿಜವಾಗಿದ್ದರೆ ತಗ್ಗಿನ ಉದ್ದಕ್ಕೂ, ನಡುವಿನ ಸಾಲಿನಲ್ಲಿ, ಎಡದಿಂದ ಬಲಕ್ಕೆ ಒಂದು ಕೆಂಪು ಪಟ್ಟೆ ಬರಬೇಕಿತ್ತು. ಬರಲಿಲ್ಲ. ಎಡಭಾಗ ಬಹುಪಾಲು ಸ್ವಚ್ಛ. ಕೆಂಪೆಲ್ಲ ಬಲಗೈ ತೋರುಬೆರಳು ಆಡುವ ಕಡೆಯಲ್ಲೇ ಇತ್ತು: ಜೆ, ಹೆಚ್, ಎನ್, ಯು, ಜೊತೆಗೆ ಏರಿನ ತುದಿಯಲ್ಲಿರುವ ಏಳನೆಯ ಅಂಕಿ. ಹೆಬ್ಬೆರಳು ಬೀಳುವ ಉದ್ದನೆಯ ಕೀಯ ಬಲತುದಿಯಲ್ಲೂ ಇತ್ತು. ಒಂದೇ ಒಂದರಲ್ಲಿ ಎಲ್ಲವೂ ಎಡಕ್ಕಿತ್ತು.

ನೀರು ಏರು ಹತ್ತುವುದಿಲ್ಲ, ಎಡಚ ಬಲಚ ಎಂದು ನೋಡುವುದೂ ಇಲ್ಲ.

ನನ್ನ ಬಲಗೈಯ ಆ ಎರಡು ಬೆರಳುಗಳನ್ನೇ ನೋಡುತ್ತ ಕುಳಿತೆ. ಗಾಜಿನಾಚೆ ಸಿಕ್ಸ್ಟೆನ್ ಮತ್ತೆ ಡಬ್ಬಿ ತೆಗೆದು, ಅದೇ ಎರಡು ಬೆರಳಲ್ಲಿ ಚಿವುಟುತ್ತಿದ್ದ. ನಾನು ಮುಟ್ಟಿದ್ದು ಹನ್ನೆರಡು ಜನ ಅಪರಿಚಿತರ ಬಾಯೊಳಗಿನದು.

ಶುಕ್ರವಾರದ ಸಭೆಗೆ ಸಿಕ್ಸ್ಟೆನ್, ಪರೀಕ್ಷಾ ಕೋಣೆಯ ಬೆಂಗ್ಟ್, ಟಿಪ್ಪಣಿ ಬರೆಯಲು ಯೋರ್ಡಿಸ್ ಮತ್ತು ನಾನು ಸೇರಿದೆವು. ನಾನು ಕೆಂಪು ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ.

"ಪರೀಕ್ಷೆಯಲ್ಲಿ ನಾವು ಯಾವ ಕೊಳೆ ಬಿಟ್ಟಿದ್ವಿ?" ಎಂದ ಬೆಂಗ್ಟ್. "ನೀರು ಹಾಕಿದ್ವಿ, ಕಾಫಿ ಹಾಕಿದ್ವಿ, ಬನ್ನಿನ ಸಕ್ಕರೆ, ಮರಳು..."

"ಸ್ನೂಸ್ ಹಾಕಿರ್ಲಿಲ್ಲ" ಎಂದೆ.

ಅವನು ನಿಜವಾಗಿಯೂ ಬೆರಗಾದ. "ಸ್ನೂಸ್ ಕೊಳೆನಾ? ಅದು ಬಾಯಲ್ಲಿ ಇಟ್ಕೊಳ್ಳೋದು ಕಣೇ!"

"ಆಯ್ತಪ್ಪ, ಸ್ನೂಸೇ ಅಂತ ಇಟ್ಕೊಳ್ಳೋಣ" ಎಂದ ಸಿಕ್ಸ್ಟೆನ್. "ಚಪ್ಪಟೆ ಆಗಿದ್ರೆ ಅದು ಒಳಗೆ ನಿಲ್ತಿರ್ಲಿಲ್ಲ. ತಪ್ಪು ಬಾಗಿನದೇ."

ನಾನು ಎದ್ದು ಅವನ ಕೋಣೆಗೆ ಹೋಗಿ, ಅವನದೇ ಹಳೆಯ ಕೀಬೋರ್ಡನ್ನು ತಂತಿ ಕಿತ್ತು ತಂದೆ. ಅದು ಇಸ್ತ್ರಿ ಹೊಡೆದಷ್ಟು ಚಪ್ಪಟೆ.

"ಏಯ್, ಅದು ನನ್ನದು!"

"ಗೊತ್ತು."

'ಜೆ' ಟೋಪಿ ಎಳೆದೆ. ಚಪ್. ಮರದ ಮಿಲ್ಲಿನವರದು ಇದರ ಮುಂದೆ ಏನೂ ಅಲ್ಲ. ಕಂದು ಲೋಳೆ ಇಲ್ಲಿ ದಪ್ಪಗಟ್ಟಿ, ಮೇಲೆ ಹಸಿರು ಬೂಷ್ಟು ಹಿಡಿದಿತ್ತು. ಬೆಂಗ್ಟ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಅಯ್ಯೋ ಸಿಕ್ಸ್ಟೆನ್!" ಯೋರ್ಡಿಸ್ ಪೆನ್ನು ಕೆಳಗಿಟ್ಟಳು. "ಇದೇ ಬೆರಳಲ್ಲಿ ಬೆಳಿಗ್ಗೆ ನನಗೆ ಕೇಕ್ ಎತ್ತಿ ಕೊಟ್ಯಲ್ಲೋ! ನಾನು ತಿಂದೂಬಿಟ್ಟೆ!" ಕುಡಿಯುತ್ತಿದ್ದ ಕಾಫಿಯನ್ನು ಮೇಜಿನ ಇನ್ನೊಂದು ತುದಿಗೆ ತಳ್ಳಿದಳು.

ಸಿಕ್ಸ್ಟೆನ್ ಕಿವಿಯವರೆಗೆ ಕೆಂಪಾದ. ತುಟಿಯ ಕಡೆ ಹೋಗುತ್ತಿದ್ದ ಕೈ ನಡುದಾರಿಯಲ್ಲೇ ನಿಂತಿತು. ಆ ಕೈಯನ್ನು ಜೇಬಿಗೆ ಇಳಿಸಿದ.

"ಬಾಗು ಇರ್ಲಿ" ಎಂದ ಕೊನೆಗೆ. "ಆದ್ರೆ ಕೊಳೆ ಒಳಗೆ ಇಳೀದ ಹಾಗೆ ಪ್ರತಿ ಕೀ ಕೆಳಗೂ ಒಂದು ರಬ್ಬರ್ ಬಟ್ಟಲು ಬರ್ಬೇಕು. ಬೇಸಿಗೆ ರಜೆಗೆ ಮುಂಚೆ ಪರೀಕ್ಷೆ ಪಾಸಾಗ್ಬೇಕು. ಸ್ನೂಸ್ ಹಾಕಿಯೇ ಮಾಡ್ಬೇಕು. ಪಾಸಾಗದಿದ್ರೆ ಚಪ್ಪಟೆ."

"ಡಬ್ಬಿಯಿಂದ ತೆಗೆದದ್ದು ಸಾಲಲ್ಲ" ಎಂದ ಬೆಂಗ್ಟ್, ಈಗ ಉತ್ಸಾಹದಿಂದ. "ತುಟಿಯಿಂದ ತೆಗೆದ ಬೆರಳಲ್ಲೂ ಒತ್ತುತ್ತಾರಲ್ಲ. ಬಾಯಲ್ಲಿದ್ದು ಬಂದದ್ದೇ ಆಗ್ಬೇಕು. ಆದ್ರೆ ಅದನ್ನ ಯಾರು..."

ಎಲ್ಲರೂ ನನ್ನ ಕಡೆ ನೋಡಿದರು.

"ನಿನ್ನ ತೊಟ್ಟಿಲು, ನೀನೇ ತೂಗು" ಎಂದ ಸಿಕ್ಸ್ಟೆನ್.

ಸೋಮವಾರದಿಂದ ಕಾಫಿ ಕೋಣೆಯಲ್ಲಿ, ಬಾಯಿಂದ ತೆಗೆದ ಸ್ನೂಸ್ ಹಾಕಲು ಒಂದು ಗಾಜಿನ ಜಾಡಿ ಇದೆ. ಹತ್ತು ಗಂಟೆಗೆ ಅರ್ಧ ತುಂಬುತ್ತದೆ. ಅದರಿಂದ ಮರದ ಚಮಚದಲ್ಲಿ ತೆಗೆದು, ಉಪ್ಪುನೀರು ಇಳಿಯುತ್ತಿರುವ ಹಾಗೆಯೇ, ರಬ್ಬರ್ ಬಟ್ಟಲಿಟ್ಟ ಐದು ಬಾಗಿದ ಕೀಬೋರ್ಡ್‌ಗಳ ಮೇಲೆ ಸವರುತ್ತೇನೆ. ಯಂತ್ರದ ಬೆರಳುಗಳು ಇಡೀ ದಿನ ಒತ್ತುತ್ತವೆ. ಇದುವರೆಗೆ ಒಂದು ಅಕ್ಷರವೂ ತಪ್ಪಿಲ್ಲ. ಪಕ್ಕದ ಮೇಜಿನಲ್ಲಿ ಯೋರ್ಡಿಸ್ ಪಟ್ಟಿಯಿಲ್ಲದ ಬರಿಗೈಯಲ್ಲಿ ಟೈಪ್ ಮಾಡುತ್ತಾಳೆ, ಮೂಗಿಗೆ ಮಾತ್ರ ಕರವಸ್ತ್ರ ಕಟ್ಟಿಕೊಂಡಿರುತ್ತಾಳೆ. ನಾನು ಸಂಜೆ ಮನೆಗೆ ಹೋಗಿ ಮೂರು ಸಲ ಸೋಪು ಹಚ್ಚಿ ಕೈ ತೊಳೆಯದೆ ಟೂವಾಳನ್ನು ಎತ್ತಿಕೊಳ್ಳುವುದಿಲ್ಲ.

ಸಿಕ್ಸ್ಟೆನ್ ಧಾರಾಳಿ. ದಿನಕ್ಕೆ ಆರು ಸಲ ಬಂದು, ತುಟಿಯಿಂದ ತೆಗೆದು, ಜಾಡಿಗೆ ಹಾಕುತ್ತಾನೆ.

"ಸಾಕಾ, ಇನ್ನೂ ಬೇಕಾ?"

"ಬೇಕು" ಎನ್ನುತ್ತೇನೆ, ಉಸಿರು ಬಿಗಿಹಿಡಿದು.