ಒತ್ತಿ ಮರೆಯಬೇಕಾಗಿದ್ದ ನಾಲ್ಕು ಅಂಕಿ

ಯಾವ ತಪ್ಪೂ ಮಾಡದೆ ಜೈಲು ಸೇರಿದ ಫ್ಯಾಕ್ಸ್ ಯಂತ್ರ ನಾನು. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಪೆಟ್ಟಿಗೆ ಬಿಚ್ಚಿದಾಗ ಕಂಡದ್ದು ಬಿಸಿಲ ಸೀಮೆಯ ಜೈಲಿನ ಕಚೇರಿ, ಮತ್ತು ನನ್ನ ಕೈಪಿಡಿ ಹಿಡಿದು ನಿಂತಿದ್ದ ಗುಮಾಸ್ತೆ ಕಾಶೀಬಾಯಿ. ಕಾಗದ ಸಿಕ್ಕಿಕೊಂಡರೆ ಬೇರೆಯವರು ನನ್ನ ತಲೆಗೆ ಗುದ್ದುತ್ತಿದ್ದರು. ಆಕೆ ಮಾತ್ರ ಕೂಸಿನ ಬಾಯಿಂದ ಮಣ್ಣು ತೆಗೆಯುವ ಹಾಗೆ ಮೆಲ್ಲಗೆ ತೆಗೆಯುತ್ತಿದ್ದಳು.

ಕೈದಿಗಳ ಜಾಮೀನು, ಪೆರೋಲು ಎಲ್ಲ ನನ್ನ ಬಾಯಿಂದಲೇ ಬರುತ್ತಿತ್ತು. ಒಮ್ಮೆ ಒಬ್ಬ ಪುಢಾರಿಯ ಜಾಮೀನು ಆದೇಶ ಜೈಲರ್ ಸಾಹೇಬರ ಕೈ ಸೇರುವ ಮೊದಲೇ ಗೇಟಿನ ಮುಂದೆ ಹಾರ ಹಿಡಿದ ಜನ ಸೇರಿಬಿಟ್ಟರು. ಸುದ್ದಿ ಬಿಟ್ಟವನು ಕಾವಲುಗಾರ. ಮೆಮೊ ಸಿಕ್ಕಿದ್ದು ಕಾಶೀಬಾಯಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇನ್ನೊಮ್ಮೆ ಹೀಗಾದರೆ ಕೆಲಸ ಇಲ್ಲ ಎಂದು ಅದರಲ್ಲಿತ್ತು. ಗಂಡ ಸತ್ತ ಮೇಲೆ ಸಿಕ್ಕಿದ್ದ ಕೆಲಸ ಅದು.

ಜೈಲರ್ ಹಿಪ್ಪರಗಿ ಸಾಹೇಬರು ನನಗೆ ಗುಪ್ತಸಂಖ್ಯೆ ಇಡಲು ಹೊರಟರು. ಬಂದದ್ದೆಲ್ಲ ನನ್ನ ಹೊಟ್ಟೆಯಲ್ಲೇ ಇರಬೇಕು, ನಾಲ್ಕು ಅಂಕಿ ಒತ್ತಿದರೆ ಮಾತ್ರ ಕಾಗದಕ್ಕೆ ಇಳಿಯಬೇಕು. ಕನ್ನಡಕ ಏರಿಸಿ ಇಳಿಸಿ ಅರ್ಧ ದಿನ ಒದ್ದಾಡಿದರು. ನಾನು ಕೀ ಕೀ ಎಂದು ಬೈದೆ. ಕೊನೆಗೆ ಕಾಶೀಬಾಯಿಯನ್ನು ಕರೆದು ಮೆಲುದನಿಯಲ್ಲಿ ಸಂಖ್ಯೆ ಹೇಳಿದರು.

“ಒತ್ರಿ. ಒತ್ತಿ ಮರ್ತ ಬಿಡ್ರಿ. ಇದು ನನಗೊಬ್ಬಂಗ ಗೊತ್ತಿರಬೇಕು.”

“ಮರ್ತೆರಿ ಸಾಹೇಬ್ರ,” ಅಂದಳು. ಇನ್ನೂರು ಕೈದಿಗಳ ನಂಬರು ಬಾಯಿಪಾಠ ಇದ್ದವಳು!

ದಿನಾ ನನ್ನ ಧೂಳು ಒರೆಸುತ್ತಿದ್ದವನು ಕೈದಿ ಮಲಕಪ್ಪ. ಅವನ ತಾಯಿ ಊರಲ್ಲಿ ಸಾವಿನ ಹಾಸಿಗೆ ಹಿಡಿದಿದ್ದಳು. ಪೆರೋಲಿನ ಅರ್ಜಿಯನ್ನು ಕಾಶೀಬಾಯಿಯೇ ಬರೆದು ನನ್ನಿಂದ ಕಳಿಸಿದ್ದಳು. ಶನಿವಾರ ಬೆಳಿಗ್ಗೆ ಆದೇಶ ಬಂತು. ಸಾಹೇಬರು ಸೊಲ್ಲಾಪುರದಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದರು, ಫೋನ್ ಎತ್ತಲಿಲ್ಲ. ಕಾಗದ ಕೈಗೆ ಬಂದರೆ ಕಿರಿಯ ಜೈಲರೇ ಅವನನ್ನು ಬಿಡಬಹುದಿತ್ತು. ನನ್ನ ಬಾಯಲ್ಲಿ ಬಿಸಿ ತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ಕೆಂಪು ದೀಪ ಹೊತ್ತಿಸಿಕೊಂಡು ಕೂತೆ.

“ಅಕ್ಕಾರ, ದೀಪ ಹತ್ತೇತ್ರಿ. ನಂದ ಇರಬಹುದೇನ್ರಿ?” ಮಲಕಪ್ಪ ಕೇಳಿದ.

ಕಾಶೀಬಾಯಿಯ ಬೆರಳು ಮೊದಲ ಅಂಕಿಯ ಮೇಲೆ ಬಂದು ನಿಂತಿತು. ಒತ್ತು ತಾಯಿ, ಒತ್ತು ಎಂದು ನಾನು ಮಿನುಗಿದೆ. ಬೆರಳು ಹಿಂದೆ ಸರಿಯಿತು.

“ಸಾಹೇಬ್ರು ಸೋಮವಾರ ಬರ್ತಾರಪ್ಪ. ನಂಬರ ನಂಗ ಗೊತ್ತಿಲ್ಲ.”

ಭಾನುವಾರ ಮಧ್ಯಾಹ್ನ ಮುದುಕಿ ತೀರಿಕೊಂಡಳು. ಸೋಮವಾರ ಸಾಹೇಬರು ಅಂಕಿ ಒತ್ತಿದಾಗ ಕಾಗದ ಹೊರಬಂತು: ಶನಿವಾರದಿಂದ ಮೂರು ದಿನ ಪೆರೋಲು. ಮಲಕಪ್ಪ ಊರು ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಮರಳಿ ಬಂದು ಎಂದಿನಂತೆ ನನ್ನನ್ನು ಒರೆಸಿದ. ಯಾರನ್ನೂ ಬೈಯಲಿಲ್ಲ. ದೀಪ ಹತ್ತಿದಾಗ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದ. ಕಾಶೀಬಾಯಿ ಅವನನ್ನು ಕಣ್ಣೆತ್ತಿ ನೋಡುವುದನ್ನೇ ಬಿಟ್ಟಳು. ಇಬ್ಬರನ್ನೂ ನೋಡಿ ನನಗೆ ಸಂಕಟವಾಗುತ್ತಿತ್ತು.

ಈಗ ಈಮೇಲ್ ಕಾಲ. ಮುರಿದ ಕುರ್ಚಿಗಳ ಉಗ್ರಾಣದಲ್ಲಿ ಬಿದ್ದಿದ್ದೇನೆ. ಸಾಹೇಬರು ನಿವೃತ್ತರಾದರು, ಮಲಕಪ್ಪ ಬಿಡುಗಡೆಯಾಗಿ ಹೋದ. ಹೋದ ವಾರ ಕಾಶೀಬಾಯಿ ಬಂದಿದ್ದಳು. ಅದು ಅವಳ ಕೆಲಸದ ಕೊನೆಯ ದಿನ. ಗುಜರಿ ಪಟ್ಟಿಯಲ್ಲಿ ನನ್ನ ಹೆಸರು ಬರೆದಳು, ಸೆರಗಿನಿಂದ ಧೂಳು ಒರೆಸಿದಳು. ಆಮೇಲೆ ಕರೆಂಟೂ ಇಲ್ಲದ ನನ್ನ ಮೇಲೆ ನಾಲ್ಕೂ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಒಂದೂ ತಪ್ಪಲಿಲ್ಲ.

“ನಂಗ ಗೊತ್ತಿತ್ತೋ ಮಲಕಪ್ಪ,” ಅಂದಳು.

ಕೊಡಲು ನನ್ನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.